ಎಳೆಯ ಶ್ವಾಸಕೋಶದ ಕಾವಲು

ಮಗುವಿಗೆ ಕೆಮ್ಮು ಬಂದಿತೆಂದರೆ ಮನೆಯ ಹಿರಿಯರು ಮೊದಲು ಕೇಳುವುದು, ಕಫವು ಬೀಳುವುದೋ ಇಲ್ಲವೋ ಎಂದು. ವಯಸ್ಕರಾದರೆ ಕೆಮ್ಮಿ ಉಗುಳುವರು. ಉಗುಳಿದ ಕಫದ ಬಣ್ಣವನ್ನೂ ಗಟ್ಟಿತನವನ್ನೂ ವಾಸನೆಯನ್ನೂ ನೋಡಿ ವೈದ್ಯನು ಎದೆಯೊಳಗಿನ ಸ್ಥಿತಿಯನ್ನು ಬಹುಮಟ್ಟಿಗೆ ಊಹಿಸುವನು. ಆದರೆ ಐದಾರು ವರ್ಷದೊಳಗಿನ ಕೂಸಿಗೆ ಉಗುಳುವ ವಿದ್ಯೆ ಬಾರದು. ಎದೆಯಿಂದ ಗಂಟಲಿಗೆ ಬಂದ ಕಫವನ್ನು ಅದು ನುಂಗಿಬಿಡುವುದು. ಸಾಮಾನ್ಯವಾದ ನೆಗಡಿ ಕೆಮ್ಮುಗಳಲ್ಲಿ ಇದರಿಂದ ಬಾಧಕವೇನೂ ಇಲ್ಲ. ನಾಲ್ಕು ದಿನ ಬೆಚ್ಚಗೆ ಹೊದಿಸಿ ಮಲಗಿಸಿದರೆ ವಾಸಿಯಾಗುವುದು.

ಆದರೆ ಒಂದು ವ್ಯಾಧಿಯಲ್ಲಿ ಮಾತ್ರ ಮಗುವಿನ ಈ ಸಣ್ಣ ಅಸಾಮರ್ಥ್ಯವೇ ವೈದ್ಯರಿಗೆ ದೊಡ್ಡ ಸಮಸ್ಯೆಯಾಗಿ ಪರಿಣಮಿಸಿದೆ. ಆ ವ್ಯಾಧಿಗೆ ಸಿಸ್ಟಿಕ್ ಫೈಬ್ರೋಸಿಸ್ ಎಂದು ಹೆಸರು. ಇದು ಹುಟ್ಟುವಾಗಲೇ ಜೊತೆಗೆ ಬರುವಂತಹುದು. ಇದರಲ್ಲಿ ಆಯುಸ್ಸಿನ ಪ್ರಶ್ನೆಯು ಬಹುತರವಾಗಿ ಶ್ವಾಸಕೋಶದಲ್ಲಿಯೇ ತೀರ್ಮಾನವಾಗುವುದು. ಮಗುವಿನ ಎದೆಯೊಳಗೆ ಯಾವ ರೋಗಾಣು ಎಂದು ಬಂದು ಸೇರಿತೆಂಬುದನ್ನು ತಿಳಿಯುವುದು ಹೇಗೆ? ತಿಳಿಯುವುದಕ್ಕಾಗಿ ಮಗುವನ್ನು ಎಷ್ಟರ ಮಟ್ಟಿಗೆ ನೋಯಿಸಬಹುದು? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿದ ವೈದ್ಯರ ಪರಿಶ್ರಮವನ್ನು ಗೃಹಸ್ಥರಾದ ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ವ್ಯಾಧಿಯ ಸ್ವರೂಪ

ಯೂರೋಪಿನ ಜನರಲ್ಲಿ ಒಂದು ಹಳೆಯ ನಂಬಿಕೆ ಇದ್ದಿತು. ಮುತ್ತಿಟ್ಟಾಗ ಯಾವ ಕೂಸಿನ ಹಣೆಯು ಉಪ್ಪುಪ್ಪಾಗಿ ತೋರುವುದೋ ಆ ಕೂಸು ಬಹುಕಾಲ ಬಾಳದೆಂದು ತಾಯಂದಿರು ಹೆದರುತ್ತಿದ್ದರು. ಇದು ಬರಿಯ ಮೂಢನಂಬಿಕೆಯಲ್ಲವೆಂಬುದು ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ತಿಳಿದುಬಂದಿತು. ೧೯೩೮ರಲ್ಲಿ ನ್ಯೂಯಾರ್ಕ್ ನಗರದ ಶಿಶುಗಳ ಆಸ್ಪತ್ರೆಯಲ್ಲಿ ಡಾರತಿ ಆಂಡರ್ಸನ್ ಎಂಬ ವೈದ್ಯೆಯು, ತೀರಿಕೊಂಡ ಮಕ್ಕಳ ಮೇದೋಜೀರಕಗ್ರಂಥಿಗಳನ್ನು ಪರೀಕ್ಷಿಸಿ, ಇದೊಂದು ಪ್ರತ್ಯೇಕವಾದ ವ್ಯಾಧಿಯೆಂದು ವಿವರಿಸಿದಳು. ೧೯೪೮ರ ಬೇಸಗೆಯಲ್ಲಿ ಆ ನಗರದಲ್ಲಿ ಉಗ್ರವಾದ ಸೆಕೆ ಬಿದ್ದಾಗ ಈ ವ್ಯಾಧಿಯ ಮಕ್ಕಳೇ ಇತರರಿಗಿಂತ ಹೆಚ್ಚಾಗಿ ಬಳಲಿ ಬಿದ್ದರು. ಅದರ ಕಾರಣವನ್ನು ಹುಡುಕುತ್ತ ಹೋದ ಪಾಲ್ ಡಿ ಸಾಂಟ್ ಆಗ್ನೀಸ್ ಎಂಬ ವೈದ್ಯನೂ ಅವನ ಸಂಗಡಿಗರೂ ೧೯೫೩ರಲ್ಲಿ, ಈ ಮಕ್ಕಳ ಬೆವರಿನಲ್ಲಿ ಉಪ್ಪಿನಂಶವು ಮಿತಿಮೀರಿ ಇರುವುದೆಂದು ಪ್ರಕಟಿಸಿದರು. ೧೯೫೯ರಿಂದ ಬೆವರಿನ ಪರೀಕ್ಷೆಯು ಕ್ರಮಬದ್ಧವಾಗಿ ನಡೆಯುತ್ತ ಬಂದಿದೆ. ಇಂದಿಗೂ ವ್ಯಾಧಿಯ ನಿರ್ಣಯಕ್ಕೆ ಅದೇ ಮುಖ್ಯವಾದ ಆಧಾರ. ೧೯೮೯ರಲ್ಲಿ ವ್ಯಾಧಿಯ ಮೂಲವು ಏಳನೆಯ ವರ್ಣತಂತುವಿನಲ್ಲಿರುವ ಒಂದು ಜೀನಿನ ದೋಷವೆಂದು ಖಚಿತವಾಯಿತು.

ದೋಷವೇನೆಂದರೆ: ನಮ್ಮ ದೇಹದ ಕೆಲವು ಜೀವಕೋಶಗಳ ಮೈಯಲ್ಲಿ ಕ್ಲೋರೈಡೆಂಬ ಲವಣಾಂಶವು ಹಾದುಹೋಗತಕ್ಕ ಸಣ್ಣ ಬಾಗಿಲುಗಳುಂಟು. ಲವಣವು ಹೋದ ಕಡೆಗೆ ನೀರೂ ಹೋಗುವುದಷ್ಟೆ. ಈ ವ್ಯಾಧಿಯಲ್ಲಿ ಆ ಬಾಗಿಲುಗಳು ಇಲ್ಲದೆಯೇ ಹೋಗುವುವು, ಇಲ್ಲವೇ ಇದ್ದರೂ ತೆರೆಯುವುದಿಲ್ಲ. ಇದರಿಂದ ಶ್ವಾಸನಾಳಗಳ ಒಳಮೈಯನ್ನು ಸದಾ ತೇವವಾಗಿಡುವ ತೆಳುವಾದ ನೀರಿನ ಪದರವು ಬತ್ತುವುದು. ಅಲ್ಲಿರುವ ಸೂಕ್ಷ್ಮವಾದ ರೋಮಗಳು ಆ ನೀರಿನಲ್ಲಿ ಹುಟ್ಟುಹಾಕಿದಂತೆ ಆಡುತ್ತ ಧೂಳನ್ನೂ ರೋಗಾಣುಗಳನ್ನೂ ಕಫದ ಸಂಗಡ ಮೇಲಕ್ಕೆ ತಳ್ಳುವುದು ಸಹಜಕ್ರಮ. ನೀರು ಬತ್ತಿದ ಮೇಲೆ ರೋಮಗಳು ಆಡಲಾರವು. ಕಫವು ಅಂಟಿನಂತಾಗಿ ಅಲ್ಲಲ್ಲಿಯೇ ಹತ್ತಿಕೊಳ್ಳುವುದು. ಕಫಕ್ಕೆ ಸಂಸ್ಕೃತದಲ್ಲಿ ಶ್ಲೇಷ್ಮವೆಂದು ಹೆಸರಲ್ಲವೆ? ಆ ಶಬ್ದವು ಹುಟ್ಟಿರುವುದು ‘ಶ್ಲಿಷ್’ ಎಂಬ ಧಾತುವಿನಿಂದ. ಅಪ್ಪುವುದು, ಅಂಟಿಕೊಳ್ಳುವುದು ಎಂದು ಅದರ ಅರ್ಥ. ಈ ಮಕ್ಕಳ ಎದೆಯಲ್ಲಿ ಆ ಹೆಸರು ಅಕ್ಷರಶಃ ನಿಜವಾಗುವುದು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಈ ವ್ಯಾಧಿಯು ತಾಯಿಯ ಪಥ್ಯದೋಷದಿಂದಾಗಲಿ ದೃಷ್ಟಿದೋಷದಿಂದಾಗಲಿ ಬರತಕ್ಕುದಲ್ಲ. ಒಬ್ಬರಿಂದ ಒಬ್ಬರಿಗೆ ಅಂಟತಕ್ಕುದೂ ಅಲ್ಲ. ತಂದೆತಾಯಿಗಳಿಬ್ಬರೂ ಆ ಜೀನಿನ ಒಂದೊಂದು ದೋಷಯುಕ್ತ ಪ್ರತಿಯನ್ನು ತಮಗರಿಯದೆ ಹೊತ್ತಿರುವರು. ಅವರಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ಇಬ್ಬರ ದೋಷವೂ ಒಂದೇ ಮಗುವಿನಲ್ಲಿ ಕೂಡಿದರೆ ಮಾತ್ರ ವ್ಯಾಧಿಯು ಪ್ರಕಟವಾಗುವುದು. ಅಂತಹ ದಂಪತಿಗಳಿಗೆ ಪ್ರತಿಯೊಂದು ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಹೀಗಾಗುವ ಸಂಭವ. ಸೊಸೆಯನ್ನು ದೂರುವುದಕ್ಕೆ ಇಲ್ಲಿ ಅವಕಾಶವೇ ಇಲ್ಲ. ಪಾಲು ಎರಡು ಕುಲಗಳಿಗೂ ಸಮ.

ಹಸುರು ಕಿಲುಬಿನ ಹೆಸರಿನ ರೋಗಾಣು

ಅಂಟಿಕೊಂಡ ಕಫವು ರೋಗಾಣುಗಳಿಗೆ ಒಳ್ಳೆಯ ಗೊಬ್ಬರದ ಮಡಿ. ಎಳೆಯ ವಯಸ್ಸಿನಲ್ಲಿ ಸ್ಟಾಫಿಲೋಕಾಕಸ್ ಆರಿಯಸ್, ಹೀಮೋಫಿಲಸ್ ಇನ್‌ಫ್ಲುಯೆಂಜೆ ಎಂಬುವು ಮೊದಲು ಬರುವುದುಂಟು. ಆಸ್ಪರ್ಜಿಲಸ್ ಎಂಬ ಬೂಷ್ಟಿನ ಜಾತಿಯೂ ಸೇರುವುದುಂಟು. ಆದರೆ ವೈದ್ಯರು ಎಲ್ಲಕ್ಕಿಂತ ಹೆಚ್ಚಾಗಿ ಅಂಜುವುದು ಸ್ಯೂಡೋಮೋನಾಸ್ ಎರುಜಿನೋಸ ಎಂಬುದಕ್ಕೆ. ತಾಮ್ರದ ಪಾತ್ರೆಗೆ ಹಿಡಿಯುವ ಹಸುರು ಕಿಲುಬಿಗೆ ಲ್ಯಾಟಿನ್ ಭಾಷೆಯಲ್ಲಿ ಎರೂಗೋ ಎಂದು ಹೆಸರು. ಈ ರೋಗಾಣುವೂ ತಾನು ಬೆಳೆದ ಕಡೆ ಹಸುರು ಬಣ್ಣವನ್ನು ಬಿಡುವುದರಿಂದ ಆ ಹೆಸರು ಬಂದಿತು. ಇದು ನೀರು ನಿಂತಲ್ಲಿ, ತೇವವಿದ್ದಲ್ಲಿ, ಮೋರಿಯಲ್ಲಿ, ಬಚ್ಚಲಿನಲ್ಲಿ ಎಲ್ಲೆಲ್ಲಿಯೂ ಇರುವುದು. ಆರೋಗ್ಯವಂತರಾದ ನಮ್ಮ ಎದೆಯಲ್ಲಿ ಇದಕ್ಕೆ ಸ್ಥಳವಿಲ್ಲ. ಆ ಮಕ್ಕಳ ಎದೆಯಲ್ಲಿ ಸ್ಥಳವುಂಟು.

ಈ ರೋಗಾಣುವಿಗೆ ಎರಡು ಅವಸ್ಥೆಗಳು. ಹೊಸದಾಗಿ ಬಂದಾಗ ಇದು ಬಿಡಿಬಿಡಿಯಾಗಿ, ನಿರ್ಬಲವಾಗಿ ಇರುವುದು. ಔಷಧಕ್ಕೆ ಸುಲಭವಾಗಿ ಬಗ್ಗುವುದು. ಕೆಲವು ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ತನ್ನ ಸುತ್ತಲೂ ಲೋಳೆಯ ಕೋಟೆಯೊಂದನ್ನು ಕಟ್ಟಿಕೊಳ್ಳುವುದು. ಆ ಮೇಲೆ ಎಂತಹ ಔಷಧವಾದರೂ ಅದನ್ನು ಕುಗ್ಗಿಸಬಹುದೇ ಹೊರತು ಪೂರ್ತಿಯಾಗಿ ಹೊರದೂಡುವುದು ಬಹು ಕಷ್ಟ. ಆದುದರಿಂದ ಈ ವ್ಯಾಧಿಯ ಚಿಕಿತ್ಸೆಯಲ್ಲಿ ಕಾಲವೇ ಸರ್ವಸ್ವ. ಶತ್ರುವು ಹೊಸ್ತಿಲನ್ನು ದಾಟಿದ ದಿನವೇ ತಿಳಿಯಬೇಕು. ಕೋಟೆ ಕಟ್ಟಿಕೊಂಡ ಮೇಲೆ ತಿಳಿದರೆ ಫಲವು ಅಲ್ಪ.

ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರು ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದ ವೈದ್ಯರು. ಅಲ್ಲಿಯ ಚಿಕಿತ್ಸಾಕೇಂದ್ರದಲ್ಲಿ ರೋಗಿಗಳು ಸುಖವಾಗಿರಲಿ ಕಷ್ಟದಲ್ಲಿರಲಿ ತಿಂಗಳಿಗೊಮ್ಮೆ ಬಂದು ಕಫದ ಮಾದರಿಯನ್ನು ಕೊಡುವ ಪದ್ಧತಿ ಬೆಳೆಯಿತು. ೧೯೯೧ರಲ್ಲಿ ಅಲ್ಲಿಯವರು ಒಂದು ಚಿಕ್ಕ ಪ್ರಯೋಗವನ್ನು ಪ್ರಕಟಿಸಿದರು. ೨೬ ಮಂದಿ ರೋಗಿಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಿ, ಒಂದು ಪಂಗಡಕ್ಕೆ ಸ್ಯೂಡೋಮೋನಾಸ್ ಕಂಡಾಗಲೆಲ್ಲ ಕೂಡಲೇ ಮೂರು ವಾರ ಔಷಧವನ್ನು ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ೨೭ ತಿಂಗಳುಗಳ ತರುವಾಯ ನೋಡಲಾಗಿ, ಔಷಧವನ್ನು ತೆಗೆದುಕೊಂಡ ೧೪ ಮಂದಿಯಲ್ಲಿ ಇಬ್ಬರಿಗೆ ಮಾತ್ರ ರೋಗಾಣುವು ನೆಲೆಯೂರಿತ್ತು. ತೆಗೆದುಕೊಳ್ಳದ ೧೨ ಮಂದಿಯಲ್ಲಿ ಏಳು ಮಂದಿಗೆ ನೆಲೆಯೂರಿತ್ತು. ಆ ಮೇಲೆ ೨೦೧೦ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಟೋಬ್ರಾಮೈಸಿನ್ ಎಂಬ ಔಷಧವನ್ನು ೨೮ ದಿನ ಆವಿಯಂತೆ ಮಾಡಿ ಉಸಿರಿನೊಡನೆ ಎಳೆಸಿದಾಗ, ಮುಗಿದ ಒಂದು ತಿಂಗಳಿಗೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ರೋಗಾಣುವು ಕಾಣಲಿಲ್ಲ. ಬೇಗನೆ ಕಂಡುಹಿಡಿದರೆ ಓಡಿಸಬಹುದೆಂಬುದು ಹೀಗೆ ಸಿದ್ಧವಾಯಿತು. ಉಳಿದದ್ದು, ಉಗುಳಲಾರದ ಕೂಸಿನಲ್ಲಿ ಬೇಗನೆ ಕಂಡುಹಿಡಿಯುವ ಉಪಾಯ.

ಗಂಟಲಿನ ಸಾಕ್ಷ್ಯ

ಎಲ್ಲಕ್ಕಿಂತ ಸುಲಭವಾದ ಉಪಾಯವೆಂದರೆ, ಕಡ್ಡಿಯ ತುದಿಗೆ ಸುತ್ತಿದ ಹತ್ತಿಯನ್ನು ಮಗುವಿನ ಗಂಟಲಿಗೆ ತಾಗಿಸಿ, ಅದನ್ನು ಪ್ರಯೋಗಶಾಲೆಗೆ ಕಳುಹಿಸುವುದು. ಮಗುವನ್ನು ಕೆಮ್ಮಿಸಿ ಆ ಕೆಮ್ಮಿನ ತುಂತುರು ಹತ್ತಿಗೆ ಬೀಳುವಂತೆ ಹಿಡಿಯುವುದೂ ಉಂಟು. ಎರಡು ನಿಮಿಷದ ಕೆಲಸ. ಮಗುವು ಮುಖ ಸಿಂಡರಿಸಿ ಒಂದು ಸಲ ಅತ್ತು ಸುಮ್ಮನಾಗುವುದು. ಆದರೆ ಗಂಟಲು ಹೇಳುವ ಸಾಕ್ಷ್ಯವು ಎದೆಯ ಸಂಗತಿಗೆ ಎಷ್ಟು ಸರಿಹೊಂದುವುದು?

ಎರಡನ್ನೂ ಒಂದೇ ದಿನ ಪರೀಕ್ಷಿಸಿ ಹೋಲಿಸಿದ ವೈದ್ಯರಿಗೆ ದೊರೆತ ಉತ್ತರವು ವಿಚಿತ್ರವಾಗಿದೆ. ಎಳೆಯ ಮಕ್ಕಳಲ್ಲಿ ಗಂಟಲಿನಲ್ಲಿ ಸ್ಯೂಡೋಮೋನಾಸ್ ಕಾಣದೆ ಇದ್ದರೆ, ಎದೆಯಲ್ಲಿಯೂ ಬಹುತರವಾಗಿ ಇರುವುದಿಲ್ಲ. ಅಷ್ಟು ಮಟ್ಟಿಗೆ ಅದರ ಮಾತನ್ನು ನಂಬಬಹುದು. ಆದರೆ ಗಂಟಲಿನಲ್ಲಿ ಕಂಡಿತೆಂದರೆ ಎದೆಯಲ್ಲಿ ಇದ್ದೇ ಇರುವುದೆಂದು ಹೇಳಲಾಗದು. ಕಂಡ ಮಕ್ಕಳಲ್ಲಿ ಅರ್ಧಕ್ಕಿಂತ ಕಡಮೆ ಮಂದಿಗೆ ಮಾತ್ರ ಎದೆಯಲ್ಲಿಯೂ ಸಿಕ್ಕಿತು. ಅಂತೆಯೇ ಎದೆಯಲ್ಲಿ ನಿಜವಾಗಿ ಸೇರಿಕೊಂಡಿದ್ದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಗಂಟಲು ಅದನ್ನು ತೋರಿಸಲಿಲ್ಲ. ಜಗಲಿಯ ಮೇಲೆ ಕುಳಿತವನನ್ನು ನೋಡಿ ನಡುಮನೆಯಲ್ಲಿ ಯಾರಿದ್ದಾರೆಂದು ಹೇಳುವುದು ಹೇಗೆ ಕಷ್ಟವೋ ಇದೂ ಹಾಗೆಯೇ.

ಎದೆಯನ್ನು ತೊಳೆದು ನೋಡುವ ಕ್ರಮ

ಆದುದರಿಂದ ಎದೆಯೊಳಕ್ಕೇ ಹೋಗಿ ನೋಡುವ ಕ್ರಮವನ್ನು ಆಸ್ಟ್ರೇಲಿಯದ ಮೆಲ್ಬರ್ನ್ ಮತ್ತು ಪರ್ತ್ ನಗರಗಳ ಮಕ್ಕಳ ಆಸ್ಪತ್ರೆಗಳಲ್ಲಿ ವೈದ್ಯರು ಕೈಕೊಂಡರು. ಆ ದೇಶದಲ್ಲಿ ಹುಟ್ಟಿದ ಶಿಶುಗಳ ಹಿಮ್ಮಡಿಯಿಂದ ಒಂದು ತೊಟ್ಟು ರಕ್ತವನ್ನು ತೆಗೆದು ಈ ವ್ಯಾಧಿಯನ್ನು ಪತ್ತೆಮಾಡುವ ಏರ್ಪಾಡು ೧೯೮೧ರಲ್ಲಿ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ ಆರಂಭವಾಗಿ ಕ್ರಮೇಣ ಎಲ್ಲ ಕಡೆಗೂ ಹರಡಿತು. ಇದರಿಂದ ಕೆಮ್ಮು ಆರಂಭವಾಗುವುದಕ್ಕೆ ಮೊದಲೇ ವ್ಯಾಧಿಯು ತಿಳಿಯುವಂತಾಯಿತು. ಮಗುವಿಗೆ ಮೂರು ತಿಂಗಳಾದಾಗ ಒಮ್ಮೆ, ಆ ಮೇಲೆ ವರ್ಷಕ್ಕೊಮ್ಮೆ ಆರು ವರ್ಷದವರೆಗೆ, ಅರಿವಳಿಕೆಯನ್ನು ಕೊಟ್ಟು ಮಲಗಿಸುವರು. ಬ್ರಾಂಕಾಸ್ಕೋಪ್ ಎಂಬ ಸಣ್ಣ ಬಳುಕುವ ನಳಿಗೆಯನ್ನು ಶ್ವಾಸನಾಳದ ಕವಲಿನೊಳಕ್ಕೆ ಇಳಿಸಿ, ಸ್ವಲ್ಪ ಉಪ್ಪುನೀರನ್ನು ಬಿಟ್ಟು, ಅದನ್ನೇ ಮತ್ತೆ ಹೀರಿ ತೆಗೆಯುವರು. ಹೀಗೆ ತೊಳೆದು ಬಂದ ನೀರಿನಲ್ಲಿ ರೋಗಾಣುಗಳನ್ನೂ ಉರಿಯೂತದ ಗುರುತುಗಳನ್ನೂ ಹುಡುಕುವರು. ಸಿ.ಟಿ. ಎಂಬ ಕ್ಷಕಿರಣಯಂತ್ರದಿಂದ ಶ್ವಾಸಕೋಶದ ಚಿತ್ರಗಳನ್ನೂ ತೆಗೆಯುವರು.

ಈ ಕಾವಲಿನಿಂದ ತಿಳಿದುಬಂದ ಸಂಗತಿಗಳು ವೈದ್ಯರನ್ನೇ ಬೆಚ್ಚಿಬೀಳಿಸಿದುವು. ಚೆನ್ನಾಗಿ ಹಾಲು ಕುಡಿದು ನಗುತ್ತಿದ್ದ, ಕೆಮ್ಮೇ ಇಲ್ಲದ ಕೂಸುಗಳ ಶ್ವಾಸಕೋಶದಲ್ಲಿಯೂ ಹಾನಿಯು ಆರಂಭವಾಗಿದ್ದಿತು. ೧೨೭ ಶಿಶುಗಳ ವಿಚಾರವಾಗಿ ೨೦೧೩ರಲ್ಲಿ ಪ್ರಕಟವಾದ ವರದಿಯಂತೆ, ಶ್ವಾಸನಾಳದ ಗೋಡೆಯು ಹಾಳಾಗಿ ಹಿಗ್ಗುವ ಬ್ರಾಂಕಿಯೆಕ್ಟಾಸಿಸ್ ಎಂಬ ವಿಕಾರವು ಮೂರು ತಿಂಗಳ ವಯಸ್ಸಿನಲ್ಲಿಯೇ ನೂರಕ್ಕೆ ೨೯ ಮಂದಿಯ ಚಿತ್ರಗಳಲ್ಲಿ ಕಂಡಿತು. ಮೂರು ವರ್ಷದ ಹೊತ್ತಿಗೆ ನೂರಕ್ಕೆ ೬೧ಕ್ಕಿಂತ ಹೆಚ್ಚು ಮಂದಿಯಲ್ಲಿ ಕಂಡಿತು. ಯಾರಲ್ಲಿ ಇದು ನಿಲ್ಲುವುದೆಂಬುದರ ಸೂಚನೆಯೂ ದೊರೆಯಿತು. ರೋಗಾಣುವಿನೊಡನೆ ಹೋರಾಡಲು ಬರುವ ಬಿಳಿಯ ರಕ್ತಕಣಗಳು ಎಲಾಸ್ಟೇಸ್ ಎಂಬ ಕಿಣ್ವವನ್ನು ಬಿಡುವುವು. ಶತ್ರುವಿಗೆಂದು ಎತ್ತಿದ ಕತ್ತಿಯು ಮನೆಯ ಕಂಬಕ್ಕೇ ತಗಲುವಂತೆ, ಆ ಕಿಣ್ವವು ಶ್ವಾಸನಾಳದ ಗೋಡೆಯನ್ನೇ ಕರಗಿಸುವುದು. ಮೂರು ತಿಂಗಳಲ್ಲಿ ತೊಳೆದ ನೀರಿನಲ್ಲಿ ಆ ಕಿಣ್ವವು ಚಟುವಟಿಕೆಯಿಂದಿದ್ದ ಶಿಶುಗಳಲ್ಲಿ ಮುಂದೆ ವಿಕಾರವು ಉಳಿಯುವ ಸಂಭವವು ಇತರರಿಗಿಂತ ಹಲವು ಪಾಲು ಹೆಚ್ಚಾಗಿದ್ದಿತು. ಹೊರಗಿನ ಲಕ್ಷಣಗಳಿಗಾಗಿ ಕಾಯುವುದು ತಪ್ಪೆಂಬ ಪಾಠವನ್ನು ವೈದ್ಯಲೋಕವು ಇಲ್ಲಿ ಕಲಿಯಿತು.

ಮೆಲ್ಬರ್ನಿನಲ್ಲಿ ಇನ್ನೊಂದು ಸಂಗತಿಯೂ ಹೊರಬಿದ್ದಿತು. ಒಂದೇ ಚಿಕಿತ್ಸಾಲಯಕ್ಕೆ ಬರುತ್ತಿದ್ದ ಮಕ್ಕಳ ಸ್ಯೂಡೋಮೋನಾಸುಗಳನ್ನು ಒಂದರೊಡನೊಂದು ಹೋಲಿಸಿ ನೋಡಿದಾಗ, ಪರೀಕ್ಷಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಒಂದೇ ತಳಿಯು ಇದ್ದಿತೆಂದು ೨೦೦೨ರಲ್ಲಿ ಪ್ರಕಟವಾಯಿತು. ರೋಗಾಣುವು ಕೇವಲ ನೀರು ತೇವಗಳಿಂದ ಬರುವುದಲ್ಲ, ಈ ವ್ಯಾಧಿಯುಳ್ಳ ಒಂದು ಮಗುವಿನಿಂದ ಅದೇ ವ್ಯಾಧಿಯ ಇನ್ನೊಂದು ಮಗುವಿಗೂ ದಾಟಬಲ್ಲುದೆಂಬುದು ಇದರಿಂದ ತಿಳಿಯಿತು. ಆ ಮೇಲೆ ಮಕ್ಕಳನ್ನು ಬೇರೆಬೇರೆಯಾಗಿ ನೋಡುವ ಏರ್ಪಾಡಾಗಿ, ಆ ತಳಿಯ ಹಾವಳಿಯು ಇಳಿಯಿತು. ಒಂದೇ ದುಃಖವುಳ್ಳ ಮಕ್ಕಳು ಒಟ್ಟಿಗೆ ಆಡಬಾರದೆಂಬುದು ಕಠಿನವಾದ ನಿಯಮ. ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತಿದ್ದ ತಾಯಂದಿರಿಗೂ ಅದು ಕಠಿನವೇ. ಆದರೂ ಅದು ಅವಶ್ಯವೆಂದು ತೀರ್ಮಾನವಾಯಿತು.

ಹತ್ತಿರದಿಂದ ನೋಡಿದುದರ ಫಲ

ಇಷ್ಟೆಲ್ಲ ತಿಳಿದ ಮೇಲೆ, ಪ್ರತಿಯೊಂದು ಮಗುವಿನ ಎದೆಯನ್ನೂ ಮೇಲಿಂದ ಮೇಲೆ ತೊಳೆದು ನೋಡಿ, ಅದರಂತೆ ಔಷಧ ಕೊಡುವುದೇ ಶ್ರೇಷ್ಠವೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಅರಿವಳಿಕೆಯು ಆಟದ ಮಾತಲ್ಲ. ತೊಳೆದ ದಿನ ಕೆಲವು ಮಕ್ಕಳಿಗೆ ಜ್ವರ ಬರುವುದು, ಕೆಮ್ಮು ಹೆಚ್ಚುವುದು. ತಾಯಿಯ ಕೈಯಿಂದ ಕೂಸನ್ನು ತೆಗೆದುಕೊಂಡು ಶಸ್ತ್ರಚಿಕಿತ್ಸೆಯ ಕೊಠಡಿಗೆ ಒಯ್ಯುವಾಗ ಆಕೆಗೆ ಆಗುವ ಸಂಕಟವನ್ನು ಅಳೆಯುವ ಯಂತ್ರವಿಲ್ಲ. ಈ ಕಷ್ಟಕ್ಕೆ ತಕ್ಕ ಪ್ರತಿಫಲವುಂಟೆ ಎಂಬುದನ್ನು ಪರೀಕ್ಷಿಸದೆ ನಂಬಬಾರದೆಂದು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ದೇಶಗಳ ವೈದ್ಯರು ನಿಶ್ಚಯಿಸಿದರು.

ಬ್ರಿಸ್ಬೇನ್ ನಗರದ ಕ್ಲೇರ್ ವೇನ್‌ರೈಟ್ ಎಂಬ ವೈದ್ಯೆಯ ಮುಂದಾಳುತನದಲ್ಲಿ ನಡೆದ ಆ ಪರೀಕ್ಷೆಯಲ್ಲಿ, ಆರು ತಿಂಗಳೊಳಗಿನ ೧೭೦ ಶಿಶುಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡಗಳಾಗಿ ಮಾಡಿದರು. ಒಂದು ಪಂಗಡಕ್ಕೆ ಎದೆಯನ್ನು ತೊಳೆದು ನೋಡಿ ಔಷಧ. ಇನ್ನೊಂದಕ್ಕೆ ಗಂಟಲಿನ ಮಾದರಿಯನ್ನೂ ಹೊರಲಕ್ಷಣಗಳನ್ನೂ ನೋಡಿ ಔಷಧ. ಐದು ವರ್ಷ ತುಂಬುವವರೆಗೆ ಇದು ಸಾಗಿತು. ೨೦೧೧ರಲ್ಲಿ ಫಲಿತಾಂಶವು ಹೊರಬಂದಿತು. ಐದನೆಯ ವರ್ಷದಲ್ಲಿ ಸ್ಯೂಡೋಮೋನಾಸ್ ಸಿಕ್ಕಿದುದು ಮೊದಲನೆಯ ಪಂಗಡದಲ್ಲಿ ನೂರಕ್ಕೆ ೧೦ ಮಂದಿಗೆ, ಎರಡನೆಯದರಲ್ಲಿ ನೂರಕ್ಕೆ ೧೨ ಮಂದಿಗೆ. ಶ್ವಾಸಕೋಶದ ಚಿತ್ರಗಳಲ್ಲಿ ಕಂಡ ಹಾನಿಯಲ್ಲಿಯೂ ಹೇಳತಕ್ಕ ವ್ಯತ್ಯಾಸವಿರಲಿಲ್ಲ. ಇಷ್ಟು ಕಷ್ಟಪಟ್ಟು ಹತ್ತಿರದಿಂದ ನೋಡಿದ ಮಕ್ಕಳು, ದೂರದಿಂದ ನೋಡಿದ ಮಕ್ಕಳಿಗಿಂತ ಹೆಚ್ಚು ಆರೋಗ್ಯವಾಗಿರಲಿಲ್ಲ.

ಇದನ್ನು ಓದಿದಾಗ ನನ್ನಂತಹ ಹಳೆಯ ಉಪಾಧ್ಯಾಯನಿಗೆ ಆಶ್ಚರ್ಯವಾಗಲಿಲ್ಲ. ವಾರಕ್ಕೊಂದು ಪರೀಕ್ಷೆಯನ್ನು ಇಟ್ಟಮಾತ್ರಕ್ಕೆ ಹುಡುಗರಿಗೆ ವ್ಯಾಕರಣವು ಹೆಚ್ಚಾಗಿ ಬರುವುದಿಲ್ಲ. ಪರೀಕ್ಷೆಯು ತಪ್ಪನ್ನು ತೋರಿಸುವುದು. ತಿದ್ದುವ ಕೆಲಸವು ಬೇರೆ. ಆ ಎರಡು ಪಂಗಡಗಳ ಮಕ್ಕಳಿಗೂ ನುರಿತ ವೈದ್ಯರಿದ್ದರು, ಮಾದರಿಗಳನ್ನು ಕ್ರಮವಾಗಿ ತೆಗೆಯುತ್ತಿದ್ದರು, ರೋಗಾಣು ಕಂಡ ಕೂಡಲೆ ಔಷಧವನ್ನು ಕೊಡುತ್ತಿದ್ದರು. ಎರಡು ಕಡೆಯಲ್ಲಿಯೂ ನಡೆಯುತ್ತಿದ್ದ ಆ ನಿತ್ಯದ ಆರೈಕೆಯೇ ಮಕ್ಕಳನ್ನು ಕಾಪಾಡಿತೆಂದು ನಾನು ತಿಳಿಯುತ್ತೇನೆ. ಹಾಗೆಂದು ಎದೆ ತೊಳೆಯುವ ಕ್ರಮವು ನಿರರ್ಥಕವೆಂದಲ್ಲ. ಔಷಧಕ್ಕೆ ಬಗ್ಗದ ಕೆಮ್ಮು, ಚಿತ್ರದಲ್ಲಿ ಕಂಡರೂ ಗಂಟಲಿನಲ್ಲಿ ಕಾರಣ ಸಿಕ್ಕದ ಹಾನಿ ಮುಂತಾದ ಸಂದರ್ಭಗಳಲ್ಲಿ ಅದಕ್ಕೆ ಸಮಾನವಾದುದಿಲ್ಲ. ಎಲ್ಲ ಮಕ್ಕಳಿಗೂ ಎಲ್ಲ ಕಾಲದಲ್ಲಿಯೂ ಅದು ಬೇಕೆಂಬ ಹಟವು ಮಾತ್ರ ಸಲ್ಲದು.

ನಡುವಣ ದಾರಿ

ಗಂಟಲಿನ ಸುಲಭವೂ ಎದೆಯ ನಿಜವೂ ಒಂದರಲ್ಲಿಯೇ ದೊರೆಯುವ ದಾರಿಯೊಂದನ್ನು ವೇಲ್ಸ್ ದೇಶದ ಕಾರ್ಡಿಫ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಹುಡುಕಿದರು. ಅದು ಬಹು ಸರಳವಾದುದು. ಸಾಧಾರಣ ಉಪ್ಪುನೀರಿಗಿಂತ ಹೆಚ್ಚು ಉಪ್ಪುಳ್ಳ ನೀರನ್ನು ಮಂಜಿನಂತೆ ಮಾಡಿ ಮಗುವಿಗೆ ಕೆಲವು ನಿಮಿಷ ಉಸಿರಿನೊಡನೆ ಎಳೆಸುವರು. ಉಪ್ಪು ನೀರನ್ನು ಸೆಳೆಯುವುದರಿಂದ ಅಂಟಿದ ಕಫವು ಸಡಿಲವಾಗುವುದು. ಬಳಿಕ ಎದೆ ಬೆನ್ನುಗಳನ್ನು ಲಯವಾಗಿ ತಟ್ಟಿ ಕೆಮ್ಮಿಸುವರು. ದೊಡ್ಡ ಮಗುವಾದರೆ ಉಗುಳುವುದು. ಚಿಕ್ಕದಾದರೆ ಗಂಟಲಿನ ಹಿಂಭಾಗಕ್ಕೆ ಬಂದುದನ್ನು ಸಣ್ಣ ನಳಿಗೆಯಿಂದ ಹೀರಿ ತೆಗೆಯುವರು. ಅರಿವಳಿಕೆಯ ಅವಶ್ಯಕತೆಯಿಲ್ಲ.

೨೦೧೮ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಆರು ತಿಂಗಳಿನಿಂದ ಹದಿನೆಂಟು ವರ್ಷದವರೆಗಿನ ೧೨೪ ಮಕ್ಕಳಿಗೆ ಒಟ್ಟು ೨೦೦ ಸಲ ಇದನ್ನು ಮಾಡಿದ ವಿವರವಿದೆ. ೧೬೭ ಸಲ ಮಾದರಿಯು ಸರಿಯಾಗಿ ದೊರೆಯಿತು. ಆ ೧೬೭ರಲ್ಲಿ ಈ ಕ್ರಮದಿಂದ ೬೩ ಸಲ ರೋಗಾಣುವು ಸಿಕ್ಕಿತು. ಅದೇ ಹೊತ್ತಿನಲ್ಲಿ ತೆಗೆದ ಕೆಮ್ಮಿನ ಹತ್ತಿಯಲ್ಲಿ ಸಿಕ್ಕಿದುದು ೨೪ ಸಲ ಮಾತ್ರ. ಎದೆಯನ್ನು ತೊಳೆಯುವಾಗ ಒಂದೆರಡು ಕವಲುಗಳ ಸಮಾಚಾರವು ಮಾತ್ರ ತಿಳಿಯುವುದು. ಕೆಮ್ಮಾದರೋ ಎಲ್ಲ ಕವಲುಗಳಿಂದಲೂ ಕಫವನ್ನು ತರಬಲ್ಲುದು. ಆದುದರಿಂದ ಮೊದಲು ಇದನ್ನು ಮಾಡಿ, ಇದರಿಂದ ತಿಳಿಯದಿದ್ದರೆ ಮಾತ್ರ ಎದೆ ತೊಳೆಯುವುದಕ್ಕೆ ಹೋಗಬಹುದೆಂದು ಅವರು ಸೂಚಿಸಿದರು. ಮಗುವಿನ ಶಕ್ತಿಯನ್ನರಿತು ಮುಂದುವರಿಯುವ ಕ್ರಮವೆಂದರೆ ಇದು.

ಹೊಸ ಔಷಧಗಳೂ ಹೊಸ ಕಷ್ಟವೂ

೨೦೧೨ರಿಂದೀಚೆಗೆ ಈ ವ್ಯಾಧಿಯ ಕಥೆಯು ಬಹಳ ಮಾರ್ಪಟ್ಟಿದೆ. ಕೆಟ್ಟ ಬಾಗಿಲನ್ನೇ ಸರಿಪಡಿಸುವ ಔಷಧಗಳು ಬಂದಿವೆ. ಅವುಗಳಲ್ಲಿ ಮೂರು ದ್ರವ್ಯಗಳು ಕೂಡಿದ ಔಷಧಕ್ಕೆ ಅಮೆರಿಕ ಸಂಯುಕ್ತಸಂಸ್ಥಾನಗಳಲ್ಲಿ ೨೦೧೯ರಲ್ಲಿ ಅನುಮತಿಯು ದೊರೆಯಿತು; ೨೦೨೩ರಲ್ಲಿ ಅದನ್ನು ಎರಡು ವರ್ಷ ತುಂಬಿದ ಮಕ್ಕಳಿಗೂ ಕೊಡಬಹುದೆಂದಾಯಿತು. ತಕ್ಕ ಜೀನ್‌ದೋಷವುಳ್ಳವರಲ್ಲಿ ಇವು ಕಫವನ್ನು ತಿಳಿಯಾಗಿಸಿ, ಉಸಿರನ್ನು ಹಗುರಮಾಡಿ, ತೂಕವನ್ನು ಹೆಚ್ಚಿಸುವುವು. ಇವುಗಳ ಬೆಲೆಯಂತೂ ಸಾಮಾನ್ಯ ಗೃಹಸ್ಥನ ಶಕ್ತಿಗೆ ಮೀರಿದುದು. ಎಲ್ಲ ಬಗೆಯ ಜೀನ್‌ದೋಷಗಳಿಗೂ ಇವು ಸಲ್ಲುವುದಿಲ್ಲ.

ಆದರೆ ಈ ಸುಖದ ಜೊತೆಗೇ ಒಂದು ವಿಚಿತ್ರವಾದ ತೊಡಕೂ ಬಂದಿತು. ಔಷಧವನ್ನು ಸೇವಿಸುವ ದೊಡ್ಡ ಮಕ್ಕಳಿಗೂ ಈಗ ಕಫವೇ ಬೀಳುವುದಿಲ್ಲ. ಕಫವಿಲ್ಲವೆಂದ ಮಾತ್ರಕ್ಕೆ ರೋಗಾಣುವೂ ಇಲ್ಲವೆಂದಲ್ಲ. ಹಿಂದೆ ನೆಲೆಯೂರಿದ್ದು ಹಲವರಲ್ಲಿ ಹಾಗೆಯೇ ಉಳಿದಿರುವುದುಂಟು. ಹೀಗಾಗಿ, ಉಗುಳಲಾರದ ಕೂಸುಗಳಿಗಾಗಿ ಕಲಿತ ಉಪಾಯಗಳು ಇಂದು ದೊಡ್ಡವರಿಗೂ ಬೇಕಾಗಿವೆ.

ಮನೆಯವರ ಕೆಲಸ

ಕಾವಲಿನ ಭಾರವೆಲ್ಲವೂ ಆಸ್ಪತ್ರೆಯ ಮೇಲಿಲ್ಲ. ಹೆಚ್ಚಿನ ಪಾಲು ಮನೆಯವರದೇ. ಈ ವ್ಯಾಧಿಯ ಕೇಂದ್ರಗಳಲ್ಲಿ ಶಿಶುವನ್ನು ಮೊದಲ ಆರು ತಿಂಗಳು ತಿಂಗಳಿಗೊಮ್ಮೆಯೂ, ಮುಂದೆ ಒಂದು ವರ್ಷ ತುಂಬುವವರೆಗೆ ಒಂದೆರಡು ತಿಂಗಳಿಗೊಮ್ಮೆಯೂ ತೋರಿಸಬೇಕೆನ್ನುವರು. ಆ ಮೇಲೆಯೂ ವರ್ಷಕ್ಕೆ ನಾಲ್ಕು ಸಲಕ್ಕೆ ಕಡಮೆಯಿಲ್ಲದಂತೆ ಗಂಟಲಿನ ಅಥವಾ ಕಫದ ಮಾದರಿಯನ್ನು ತೆಗೆಸಬೇಕು. “ಮಗು ಚೆನ್ನಾಗಿದೆ, ಈ ಸಲ ಬೇಡ” ಎಂದು ತಪ್ಪಿಸಬಾರದು. ಚೆನ್ನಾಗಿರುವಾಗಲೇ ನೋಡುವುದು ಈ ಕಾವಲಿನ ಪ್ರಾಣ.

ಕೆಮ್ಮಿನ ವಿಷಯದಲ್ಲಿ ತಾಯಿಯ ಕಿವಿಗೆ ಸಮಾನವಾದ ಯಂತ್ರವಿಲ್ಲ. ಒಣ ಕೆಮ್ಮು ಒದ್ದೆಯಾಯಿತೆ, ರಾತ್ರಿಯಲ್ಲಿ ಹೆಚ್ಚಾಯಿತೆ, ಆಡುವಾಗ ಬೇಗನೆ ದಣಿಯಿತೆ, ಊಟವು ಕಡಮೆಯಾಯಿತೆ, ತೂಕವು ನಿಂತಿತೆ ಎಂಬುದನ್ನು ಒಂದು ಪುಸ್ತಕದಲ್ಲಿ ತಾರೀಖಿನೊಡನೆ ಬರೆದಿಡುವುದು ಒಳ್ಳೆಯದು. ಕೆಮ್ಮು ಬಂದರೆ ವೈದ್ಯರು ಕೊಟ್ಟ ಔಷಧ ಮುಗಿಯಿತೆಂದು ಸುಮ್ಮನಿರದೆ, ಕೆಮ್ಮು ಪೂರ್ತಿಯಾಗಿ ನಿಂತಿತೋ ಇಲ್ಲವೋ ಎಂಬುದನ್ನು ನೋಡಿ ತಿಳಿಸಬೇಕು. ಎದೆಯನ್ನು ತಟ್ಟಿ ಕಫವನ್ನು ಸಡಿಲಿಸುವ ವ್ಯಾಯಾಮವನ್ನು ಕಲಿಸಿಕೊಟ್ಟವರು ಹೇಳಿದಂತೆ ದಿನವೂ ತಪ್ಪದೆ ಮಾಡಿಸಬೇಕು.

ಔಷಧದ ಮಂಜನ್ನು ಎಳೆಸುವ ಯಂತ್ರದ ಬಟ್ಟಲು ಮುಸುಕುಗಳನ್ನು ಪ್ರತಿಸಲವೂ ಸಾಬೂನಿನಿಂದ ತೊಳೆದು, ಕುದಿಸಲು ತಕ್ಕವಾದ ಭಾಗಗಳನ್ನು ಕುದಿಯುವ ನೀರಿನಲ್ಲಿ ೫ ನಿಮಿಷವಿಟ್ಟು, ಶುಚಿಯಾದ ಬಟ್ಟೆಯ ಮೇಲೆ ಪೂರ್ತಿಯಾಗಿ ಒಣಗಿಸಬೇಕು. ಒದ್ದೆಯಾಗಿ ಮುಚ್ಚಿಟ್ಟರೆ, ಯಾವುದನ್ನು ಓಡಿಸಬೇಕೆಂದು ಔಷಧ ಕೊಡುತ್ತೇವೆಯೋ ಅದನ್ನೇ ಉಸಿರಿನೊಡನೆ ಒಳಕ್ಕೆ ಬಿಟ್ಟಂತಾಗುವುದು. ಮೋರಿಯ ಬಳಿ, ನಿಂತ ನೀರಿನಲ್ಲಿ ಮಗುವನ್ನು ಆಡಬಿಡಬಾರದು. ಮನೆಯಲ್ಲಿ ಹೊಗೆಸೊಪ್ಪಿನ ಹೊಗೆಯು ಎಂದಿಗೂ ಸಲ್ಲದು.

ನಮ್ಮ ದೇಶದಲ್ಲಿ ಈ ವ್ಯಾಧಿಯು ಇಲ್ಲವೆಂದು ಬಹುಕಾಲ ತಿಳಿಯಲಾಗಿತ್ತು. ಅದು ನಿಜವಲ್ಲ, ಇದ್ದರೂ ಗುರುತಿಸುವವರು ಕಡಮೆ. ಎಲ್ಲ ಶಿಶುಗಳ ರಕ್ತವನ್ನೂ ಇದಕ್ಕಾಗಿ ಪರೀಕ್ಷಿಸುವ ಏರ್ಪಾಡು ಇಲ್ಲಿಲ್ಲ. ಮತ್ತೆ ಮತ್ತೆ ಬರುವ ನ್ಯುಮೋನಿಯ, ಹೊಟ್ಟೆ ತುಂಬ ಉಂಡರೂ ಹತ್ತದ ಮೈ, ಜಿಡ್ಡಾಗಿ ದುರ್ಗಂಧದಿಂದ ಹೆಚ್ಚಾಗಿ ಹೋಗುವ ಮಲ, ಬೇಸಗೆಯಲ್ಲಿ ಬೇಗನೆ ಬಳಲುವ ದೇಹ, ಉಪ್ಪಾಗಿ ತೋರುವ ಹಣೆ: ಇವು ಕೂಡಿಬಂದ ಮಗುವನ್ನು ಕ್ಷಯವೆಂದೋ ಉಬ್ಬಸವೆಂದೋ ತೀರ್ಮಾನಿಸಿ ಬಿಡುವುದಕ್ಕೆ ಮೊದಲು, ಬೆವರಿನ ಪರೀಕ್ಷೆಯನ್ನು ಮಾಡಿಸಬಹುದೆ ಎಂದು ಮಕ್ಕಳ ವೈದ್ಯರನ್ನು ಕೇಳುವುದು ಒಳ್ಳೆಯದು. ಹೊರದೇಶಗಳಲ್ಲಿ ನೆಲಸಿರುವ ನಮ್ಮವರಿಗೂ ಒಂದು ಮಾತು. ದಕ್ಷಿಣ ಏಷ್ಯದ ಮಕ್ಕಳಲ್ಲಿ ಕಾಣುವ ಜೀನ್‌ದೋಷಗಳು ಅಲ್ಲಿಯ ಪರೀಕ್ಷೆಯ ಪಟ್ಟಿಯಲ್ಲಿ ಕೆಲವು ವೇಳೆ ಇರುವುದಿಲ್ಲ. ಆದುದರಿಂದ ಹುಟ್ಟಿದಾಗಿನ ಪರೀಕ್ಷೆಯು ಸರಿಯಾಗಿತ್ತೆಂಬ ನೆಮ್ಮದಿಯಲ್ಲಿ ಮೇಲಿನ ಲಕ್ಷಣಗಳನ್ನು ಅಲಕ್ಷ್ಯಮಾಡಬಾರದು.

ಎಳೆಯ ಮಗುವು ತನ್ನ ನೋವನ್ನು ಹೇಳಲಾರದು, ತನ್ನ ಕಫವನ್ನು ಉಗುಳಲಾರದು. ವೈದ್ಯರು ದೂರದೇಶಗಳಲ್ಲಿ ನಳಿಗೆಗಳಿಂದಲೂ ಯಂತ್ರಗಳಿಂದಲೂ ವರ್ಷಗಟ್ಟಲೆ ಶೋಧಿಸಿದ ಮೇಲೆ, ಕ್ರಮ ತಪ್ಪದೆ ನೋಡುವುದು, ಕಂಡ ಕೂಡಲೆ ಚಿಕಿತ್ಸೆ ಮಾಡುವುದು, ಮಗುವಿಗೆ ಅವಶ್ಯಕ್ಕಿಂತ ಹೆಚ್ಚು ನೋವನ್ನು ಕೊಡದಿರುವುದು ಎಂಬೀ ಮೂರು ಮಾತುಗಳಿಗೆ ಬಂದು ನಿಂತಿದ್ದಾರೆ. ಈ ವ್ಯಾಧಿಯುಳ್ಳ ಮಗುವಿನ ಮನೆಯಲ್ಲಿ ಈ ಮೂರನ್ನೂ ನೆನಪಿನಲ್ಲಿಟ್ಟರೆ ಅಲ್ಲಿಯ ತಾಯ್ತಂದೆಗಳ ದಾರಿಯು ಸ್ವಲ್ಪವಾದರೂ ಹಗುರವಾಗುವುದರಲ್ಲಿ ಸಂದೇಹವಿಲ್ಲ.